ಎಂಜಿನ್ನಿನ ಬಲ, ಬ್ರೇಕಿನ ಬಲ

ಈ ಸಲ ನಾವು ಎರಡು ದೇಶದ ಎರಡು ಹಳೆಯ ಕಾರುಗಳನ್ನು ತಕ್ಕಡಿಗೆ ಹಾಕಿದ್ದೇವೆ.

1964ರಲ್ಲಿ ಅಮೆರಿಕದ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 6.4 ಲೀಟರ್ ಎಂಜಿನ್ ಕೂಡಿಸಿ 'ಜಿಟಿಓ' ಎಂದು ಮಾರಿದರು. ಬಾಗಿಲು ಎರಡು, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ನೆಟ್ಟನೆಯ ರಸ್ತೆಯಲ್ಲಿ ಚಿಮ್ಮಿ ಓಡುವುದೇ ಅದರ ಹೆಚ್ಚುಗಾರಿಕೆ. ತರುಣರು ಮುಗಿಬಿದ್ದರು.

ಆಸ್ಟ್ರೇಲಿಯದ ಫೋರ್ಡ್‌ನವರು 1971ರಲ್ಲಿ ತಂದ 'ಫಾಲ್ಕನ್ ಜಿಟಿ-ಎಚ್ಓ' ಮೂರನೆಯ ಮಾದರಿಗೆ ನಾಲ್ಕು ಬಾಗಿಲು, 5.8 ಲೀಟರ್ ಎಂಜಿನ್. ನೋಡಲು ಸಂಸಾರಸ್ಥರ ಕಾರು. ಹುಟ್ಟಿದ್ದು ಬಾಥರ್ಸ್ಟ್ ಊರಿನ ಗುಡ್ಡದ ಮೇಲಿನ 500 ಮೈಲಿ ಪಂದ್ಯಕ್ಕೆ. ಜನರಿಗೆ ಮಾರುವ ಮಾದರಿಯೇ ಪಂದ್ಯದಲ್ಲಿ ಓಡಬೇಕೆಂಬುದು ಆಗ ಅಲ್ಲಿಯ ಕಟ್ಟಳೆಯಾಗಿತ್ತು. ಅದಕ್ಕೇ ಮುಂಗಾಲಿಗಳಿಗೆ ಡಿಸ್ಕ್ ಬ್ರೇಕು, 36 ಗ್ಯಾಲನ್ನಿನ ಪೆಟ್ರೋಲ್ ಟಾಂಕಿ. ಆ ವರ್ಷ ಅಲನ್ ಮೊಫಾಟ್ ಅದರಲ್ಲೇ ಗೆದ್ದರು.

ಎರಡೂ ದೇಶದಲ್ಲಿ ಈ ಬಗೆಯ ಕಾರುಗಳ ಕಾಲ ಬೇಗ ಮುಗಿಯಿತು. ಅಮೆರಿಕದಲ್ಲಿ ತರುಣರ ವಿಮೆಯ ಕಂತು ಏರಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರಲ್ಲಿ ತೈಲದ ಅಭಾವ ತಲೆದೋರಿತು. ಆಸ್ಟ್ರೇಲಿಯದಲ್ಲಿ 1972ರಲ್ಲಿ ಪತ್ರಿಕೆಗಳು ಇಂಥ ವೇಗದ ವಿರುದ್ಧ ಕೂಗೆಬ್ಬಿಸಿದಾಗ ಕಂಪನಿ ನಾಲ್ಕನೆಯ ಮಾದರಿಯನ್ನು ಕೈಬಿಟ್ಟಿತು.

ವ್ಯಾಪಾರಿಗಳಾದ ನಮಗೆ ಕಾಣುವುದಿಷ್ಟು: ವೇಗದ ಬೆಲೆ ಕೊಳ್ಳುವ ದಿನಕ್ಕೇ ತೀರುವುದಿಲ್ಲ, ಬಾಕಿ ಆಮೇಲೆ ಬರುತ್ತದೆ. ಮಗನಿಗೆ ಗಾಡಿ ಕೊಡಿಸುವ ತಂದೆ ಎಂಜಿನ್ನಿನ ಬಲಕ್ಕಿಂತ ಮೊದಲು ಬ್ರೇಕಿನ ಬಲ ಕೇಳಲಿ.