ಬೆಕ್ಕು ಬರೆಯುವ ಓಲೆ

ಗಂಡುಬೆಕ್ಕು ಬಾಲವೆತ್ತಿ ಬಾಗಿಲಿಗೆ ಮೂತ್ರ ಚಿಮ್ಮಿಸಿತೆಂದು ಅದನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟುಬರುವವರುಂಟು. ನೀವು ಹಾಗೆ ಮಾಡಬೇಡಿ, ಸೋದರಿಯರೇ! ಅದು ಬೇರೆ ಬೆಕ್ಕುಗಳಿಗೆ 'ಇದು ನನ್ನ ಜಾಗ' ಎಂದು ವಾಸನೆಯಲ್ಲೇ ಬರೆದಿಟ್ಟ ಓಲೆ.

ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಪಂಜದಡಿ – ಎಲ್ಲೆಲ್ಲೂ ವಾಸನೆಯ ಗ್ರಂಥಿಗಳಿವೆ. ನಿಮ್ಮ ಕಾಲಿಗೆ ಕೆನ್ನೆ ಉಜ್ಜಿತೆಂದರೆ 'ಇವರು ನಮ್ಮವರು' ಎಂಬ ಗುರುತು ಹಾಕಿತೆಂದೇ ತಿಳಿಯಿರಿ. ಕಂಬ ಪರಚಿದಾಗ ಗೀರಿನ ಜೊತೆಗೆ ಪಂಜದ ವಾಸನೆಯೂ ಉಳಿಯುತ್ತದೆ. ಇನ್ನೊಂದು ಬೆಕ್ಕು ಅದನ್ನು ಮೂಸಿ, ಬಾಯಿ ಅರೆತೆರೆದು ನಿಲ್ಲುವುದನ್ನು ನೋಡಿದ್ದೀರಾ? ಅಂಗುಳಿನ ಮೇಲಿರುವ ವಿಶೇಷ ಅಂಗದಿಂದ ಓಲೆ ಓದುತ್ತಿರುತ್ತದೆ!

ಸರಿ, ಬಾಗಿಲಿನ ಗಬ್ಬುನಾತಕ್ಕೆ ಏನ್ಮಾಡೋದು ಅಂತೀರಾ? ಫಿನೈಲ್ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಬಟ್ಟೆ ಸೋಪಿನಪುಡಿಯ ನೀರಿನಿಂದ ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ. ಗಂಡುಮರಿಗೆ ಐದಾರು ತಿಂಗಳಾಗುವಾಗ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ಹೆಚ್ಚಿನವಕ್ಕೆ ಈ ಚಾಳಿ ಹತ್ತುವುದೇ ಇಲ್ಲ.

ಒಂದು ಮಾತು ಮಾತ್ರ ನೆನಪಿರಲಿ: ಬಾಲವೆತ್ತಿ ನಿಂತು ಚಿಮ್ಮಿಸಿದರೆ ಓಲೆ, ಮತ್ತೆ ಮತ್ತೆ ಕುಕ್ಕರಿಸಿ, ತಿಣುಕಿದರೂ ಮೂತ್ರ ಹನಿಹನಿಯಾಗಿ ಬಂದರೆ ಅಥವಾ ಬಾರದಿದ್ದರೆ ಅದು ಕಾಯಿಲೆ. ಗಂಡುಬೆಕ್ಕಿಗೆ ಇದು ಪ್ರಾಣಾಪಾಯ. ನಾಳೆ ನೋಡೋಣ ಅನ್ನದೆ ಆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.