ಮೀಟರ್ ಸುಳ್ಳು ಹೇಳಬಾರದು

ನಮ್ಮ ವಾನಳ್ಳಿ ಕಡೆಯ ಹಲವು ಮನೆಗಳ ಅಟ್ಟದಲ್ಲೋ ಕಪಾಟಿನ ಮೂಲೆಯಲ್ಲೋ ಈಗಲೂ ಒಂದು ಮುಳ್ಳಿನ ಮೀಟರ್ ಇದೆ. ಕಪ್ಪು ಡಬ್ಬಿ, ಮೇಲೊಂದು ಗಾಜು, ಗಾಜಿನ ಹಿಂದೆ ಮುಳ್ಳು, ನಡುವೆ ತಿರುಗಿಸುವ ಸ್ವಿಚ್ಚು, ಕೆಂಪು ಕಪ್ಪು ಎರಡು ವಯರು. ಪಂಪ್‌ಸೆಟ್ ಬಂದ ಕಾಲದಲ್ಲೋ ರೇಡಿಯೋ ರಿಪೇರಿಯ ಹುಚ್ಚಿದ್ದ ಕಾಲದಲ್ಲೋ ಮನೆಯ ಯಾರೋ ತಂದದ್ದು. ಈಗ ಅದನ್ನು ಯಾರೂ ಎಸೆಯುವುದಿಲ್ಲ, ಯಾರೂ ನೋಡಿಕೊಳ್ಳುವುದೂ ಇಲ್ಲ. ಕರೆಂಟು ಕೈಕೊಟ್ಟ ದಿನ ಮಾತ್ರ ನೆನಪಾಗುತ್ತದೆ. ಧೂಳು ಒರೆಸಿ, ವಯರು ಚುಚ್ಚಿ, ಮುಳ್ಳು ಏನು ಹೇಳಿತೋ ಅದನ್ನೇ ನಂಬುತ್ತೇವೆ.

ಅಪಾಯ ಇರುವುದು ಈ ನಂಬಿಕೆಯಲ್ಲೇ. ಹಳೆಯ ಮೀಟರ್ ವಿಷಯದಲ್ಲಿ ಎರಡೇ ದಾರಿ ಎಂಬುದು ನನ್ನ ವಾದ. ಒಂದೋ ಅದನ್ನು ಬಿಚ್ಚಿ, ಸ್ವಚ್ಛ ಮಾಡಿ, ಪರೀಕ್ಷಿಸಿ, ನಂಬಿಕೆಗೆ ಯೋಗ್ಯವಾಗಿ ಇಟ್ಟುಕೊಳ್ಳಬೇಕು. ಇಲ್ಲವೇ ವಯರು ಕಿತ್ತು ಶೋಕೇಸಿಗೆ ಸೇರಿಸಬೇಕು. ಅರ್ಧ ಜೀವದ ಮೀಟರನ್ನು ಕೈಗೆ ಸಿಗುವಂತೆ ಇಡುವುದು ಮೀಟರೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮೀಟರ್ ಇಲ್ಲದವನು ವಯರು ಮುಟ್ಟಲು ಹೆದರುತ್ತಾನೆ. ಸುಳ್ಳು ಹೇಳುವ ಮೀಟರ್ ಇದ್ದವನಿಗೆ ಆ ಹೆದರಿಕೆಯೂ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. ಮುಳ್ಳಿನ ಮೀಟರ್ ಎಸಿಯನ್ನು ನೇರವಾಗಿ ಅಳೆಯಲಾರದು. ಒಳಗಿನ ಡಯೋಡ್ ಅದನ್ನು ಡಿಸಿ ಮಾಡಿಕೊಟ್ಟರೆ ಮಾತ್ರ ಮುಳ್ಳು ಏಳುತ್ತದೆ. ಈ ಡಯೋಡ್ ಸುಟ್ಟರೆ ಟಾರ್ಚಿನ ಸೆಲ್ಲನ್ನು ಸರಿಯಾಗಿ ತೋರಿಸುವ ಅದೇ ಮೀಟರ್, 230 ವೋಲ್ಟ್ ಇರುವ ಸಾಕೆಟ್ಟಿಗೆ ಹಾಕಿದರೆ ಸೊನ್ನೆ ಎನ್ನಬಹುದು. "ಸೆಲ್ ತೋರಿಸ್ತು, ಮೀಟರ್ ಸರಿ ಇದೆ" ಅಂದುಕೊಂಡವನು ಮುಂದೆ ಏನು ಮಾಡುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ವಯರಿನ ಒಳಗಿನ ಎಳೆ ತುಂಡಾಗಿದ್ದರೂ, ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿದ್ದರೂ ಇದೇ ಕಥೆ.

ಇದು ನಮ್ಮ ಸೀಮೆಗೆ ಸಣ್ಣ ವಿಷಯವಲ್ಲ. ಸಿದ್ದಾಪುರದ ಗಡಿ ದಾಟಿದರೆ ಜೋಗ; ಅಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. ಯಲ್ಲಾಪುರದ ಕಡೆ ಕಾಳಿ ನದಿಗೆ ಕೊಡಸಳ್ಳಿ ಅಣೆಕಟ್ಟು ಇದೆ. ಆದರೂ ಕಾಡಿನ ನಡುವೆ ಹಾದು ಬರುವ ಲೈನಿನ ಮೇಲೆ ಮಳೆಗಾಲದಲ್ಲಿ ಮರ ಬೀಳುವುದು ತಪ್ಪಿಲ್ಲ. ಒಬ್ಬ ಲೈನ್‌ಮನ್ ಎಷ್ಟು ಗುಡ್ಡ ಹತ್ತಿಳಿಯಬೇಕು ಎಂಬುದು ನಮಗೆಲ್ಲ ಗೊತ್ತು. ಪೇಟೆಯ ಎಲೆಕ್ಟ್ರಿಷಿಯನ್ ಒಂದು ಹೋಲ್ಡರ್ ನೋಡಲು ಇಷ್ಟು ದೂರ ಬರುವುದಿಲ್ಲ, ಬಂದರೂ ಅವನ ಬೈಕಿನ ಪೆಟ್ರೋಲು ನಮ್ಮ ಲೆಕ್ಕಕ್ಕೇ. ಹಾಗಾಗಿ "ಕರೆಂಟ್ ಇದ್ದು, ಪಂಪ್ ತಿರುಗ್ತಿಲ್ಲೆ" ಅಂದಾಗ ಮೊದಲು ಕೈ ಹಾಕುವವರು ಮನೆಯವರೇ. ಅವರ ಕೈಯಲ್ಲಿರುವ ಮೀಟರ್ ಸರಿ ಇರಬೇಕು.

ಈ ಮುಳ್ಳಿನ ಮೀಟರ್ ಹಗುರ ವಂಶದ್ದಲ್ಲ. ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್ ಡೊನಾಲ್ಡ್ ಮ್ಯಾಕಡಿ ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಸಾಧನ ಮಾಡಿದರು. ಆ ಮೂರರ ಮೊದಲ ಅಕ್ಷರಗಳೇ 'ಆವೋ' ಮೀಟರ್ ಎಂಬ ಹೆಸರಾಗಿ 1923ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ದೇಶದಲ್ಲಿ ನಾಸಿಕ್‌ನ ಮೋಟ್ವಾನೆ ಮೀಟರುಗಳು ಹೆಸರು ಮಾಡಿದವು. ಜಪಾನಿನ ಸಾನ್ವಾ ವೈಎಕ್ಸ್-360 ಮಾದರಿಯನ್ನು ನಕಲು ಮಾಡಿದ ಅಗ್ಗದ ಮೀಟರುಗಳು ರೇಡಿಯೋ ರಿಪೇರಿಯವರ ಮೇಜು ತುಂಬಿದವು. ನಿಮ್ಮ ಮನೆಯದ್ದೂ ಈ ಕುಲದ್ದೇ ಇದ್ದೀತು.

ಇದಕ್ಕೆ ನಮ್ಮಲ್ಲಿನ ಮೊದಲ ಶತ್ರು ಮಳೆಗಾಲ. ಎರಡನೆಯದು ಒಳಗೇ ಮರೆತುಬಿಟ್ಟ ಸೆಲ್ಲು. ಬಿಚ್ಚಿ ನೋಡಿದರೆ ಬಹುಪಾಲು ಕೆಟ್ಟ ಮೀಟರುಗಳಲ್ಲಿ ಸೆಲ್ ಒಡೆದು ರಸ ಸೋರಿ ಸ್ಪ್ರಿಂಗು ಹಸಿರು ಹಿಡಿದಿರುತ್ತದೆ. ಮಾಮೂಲಿ ಜಿಂಕ್ ಸೆಲ್ಲಿನ ರಸ ಹುಳಿಯ ಗುಣದ್ದು, ಅದಕ್ಕೆ ಅಡುಗೆ ಸೋಡಾದ ನೀರು ಸಾಕು. ಆಲ್ಕಲೈನ್ ಸೆಲ್ಲಾದರೆ ತದ್ವಿರುದ್ಧ, ಲಿಂಬೆರಸ ಅಥವಾ ವಿನೆಗರ್ ಬೇಕು. ಹತ್ತಿಯ ಕಡ್ಡಿಯಲ್ಲಿ ಸ್ವಲ್ಪವೇ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ತಿರುಗಿಸುವ ಸ್ವಿಚ್ಚಿನ ಕಪ್ಪನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೆಗೆಯಬಹುದು. ಉಜ್ಜುಕಾಗದ ಬೇಡ, ಅದು ಮೇಲಿನ ಲೇಪವನ್ನೇ ಕೆರೆದು ತೆಗೆಯುತ್ತದೆ.

ಮುಳ್ಳು ನಡುವೆ ಸಿಕ್ಕಿಕೊಂಡರೆ ಎಣ್ಣೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಮುಳ್ಳಿನ ಬುಡದ ಸುರುಳಿ ಅಯಸ್ಕಾಂತದ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ತಿರುಗುತ್ತದೆ. ಅಲ್ಲಿ ಎಣ್ಣೆ ಹೋದರೆ ಧೂಳು ಅಂಟುತ್ತದೆ, ಹೊಯ್ಗೆಯಷ್ಟು ಕಬ್ಬಿಣದ ಚೂರು ಹೋದರೂ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಆ ಭಾಗ ಬಿಚ್ಚಲೇಬೇಡಿ. ಎಷ್ಟೋ ಸಲ ಮುಳ್ಳು ಸಿಕ್ಕಿಕೊಳ್ಳುವುದು ಪ್ಲಾಸ್ಟಿಕ್ ಮುಚ್ಚಳವನ್ನು ಒಣಬಟ್ಟೆಯಲ್ಲಿ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ. ಸಾಬೂನು ನೀರು ತಾಗಿಸಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಮುಳ್ಳು ಬಿಟ್ಟುಕೊಳ್ಳುತ್ತದೆ.

ಫ್ಯೂಸ್ ಮಾತ್ರ ರಾಜಿಯಿಲ್ಲದ ವಿಷಯ. ಗಾಜಿನ ಸಣ್ಣ ಫ್ಯೂಸ್ ಹೋದರೆ ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದು ನಮ್ಮ ಊರಿನ ಹಳೆಯ ಜಾಣತನ. ಓಮ್‌ಗೆ ಇಟ್ಟ ಮೀಟರನ್ನು ಮರೆತು ಸಾಕೆಟ್ಟಿಗೆ ಚುಚ್ಚಿದ ದಿನ ಆ ಎಳೆ ಕರಗುವ ಮೊದಲು ಒಳಗಿನ ರೆಸಿಸ್ಟರ್ ಸುಡುತ್ತದೆ, ಅದೃಷ್ಟ ಕೆಟ್ಟರೆ ಕೈಯೂ ಸುಡುತ್ತದೆ. ಮೀಟರಿನಲ್ಲಿ ಬರೆದ ಆಂಪಿಯರಿನದ್ದೇ ಫ್ಯೂಸ್ ಹಾಕಿ. ವಯರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಟೇಪು ಸುತ್ತಬೇಡಿ, ಹೊಸ ವಯರು ಜೋಡಿ ತನ್ನಿ.

ಸ್ವಚ್ಛ ಮಾಡಿದ್ದಾಯಿತು. ಆದರೆ ಹೊಳೆಯುವ ಮೀಟರ್ ಎಲ್ಲ ನಿಜ ಹೇಳುವ ಮೀಟರ್ ಅಲ್ಲ. 100 ಓಮ್, 1 ಕಿಲೋ ಓಮ್, 10 ಕಿಲೋ ಓಮ್‌ನ ಶೇ. 1ರ ರೆಸಿಸ್ಟರುಗಳನ್ನು ಮನೆಯಲ್ಲಿಟ್ಟುಕೊಳ್ಳಿ, ಬೆಲೆ ಕೆಲವೇ ರೂಪಾಯಿ. ಹೊಸ ಸೆಲ್, ಬೈಕಿನ 12 ವೋಲ್ಟ್ ಬ್ಯಾಟರಿ, ಹೀಗೆ ಗೊತ್ತಿರುವ ವೋಲ್ಟೇಜನ್ನು ಒಂದು ಒಳ್ಳೆಯ ಡಿಜಿಟಲ್ ಮೀಟರಿನ ಜೊತೆ ತಾಳೆ ನೋಡಿ. ಎಸಿಯನ್ನೂ ಹಾಗೆಯೇ ಬೇರೆಯಾಗಿ ತಾಳೆ ನೋಡಿ, ಡಯೋಡಿನ ಕಥೆ ನೆನಪಿರಲಿ. ಈ ಸಣ್ಣ ಮೀಟರುಗಳಲ್ಲಿ ಎಸಿಯ ತಪ್ಪು ಪೂರ್ಣ ಅಳತೆಯ ಶೇ. 4ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂದರೆ 250ರ ರೇಂಜಿನಲ್ಲಿ 10 ವೋಲ್ಟ್ ಆಚೀಚೆ. 220 ಎಂದು ತೋರಿಸಿದರೆ 210ರಿಂದ 230ರವರೆಗೆ ಎಲ್ಲಾದರೂ ಇರಬಹುದು.

ಇಷ್ಟೆಲ್ಲ ಕಷ್ಟ ಯಾಕೆ, ಕೆಲವು ನೂರು ರೂಪಾಯಿಗೆ ಹೊಸ ಡಿಜಿಟಲ್ ಮೀಟರ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ, ಅರ್ಧ ಒಪ್ಪುತ್ತೇನೆ. ಕರೆಂಟು ಇರುವ ಸ್ಟಾರ್ಟರ್ ಪೆಟ್ಟಿಗೆ, ಮನೆಯ ಮೇನ್ ಬೋರ್ಡು, ಫೇಸು ಫೇಸಿನ ನಡುವಿನ 400 ವೋಲ್ಟ್, ಇವಕ್ಕೆ ಹಳೆಯ ಮೀಟರ್ ಹಿಡಿಯಲೇಬೇಡಿ. ಅಲ್ಲಿ 'ಕ್ಯಾಟ್ 3' ಎಂಬ ಗುರುತಿರುವ ಒಳ್ಳೆಯ ಕಂಪನಿಯ ಮೀಟರೇ ಬೇಕು, ಬಳಸಲು ಬಲ್ಲವರೂ ಬೇಕು. ಲೈನ್ ಸತ್ತಿದೆಯೇ ಎಂದು ನೋಡುವಾಗ ಮೊದಲು ಕರೆಂಟು ಇರುವ ಜಾಗದಲ್ಲಿ ಮೀಟರನ್ನೇ ಪರೀಕ್ಷಿಸಿ, ಆಮೇಲೆ ಲೈನ್ ನೋಡಿ, ಮತ್ತೆ ಕರೆಂಟಿನ ಜಾಗಕ್ಕೆ ಹೋಗಿ ಮೀಟರನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಮೀಟರಿಗೂ ಈ ನಿಯಮ ತಪ್ಪಿದ್ದಲ್ಲ. ಹಂದಿ, ಮಂಗಗಳಿಗೆ ಹಾಕಿದ ಸೋಲಾರ್ ಬೇಲಿಗೆ ಮಾತ್ರ ಹಳೆಯದನ್ನೂ ಹೊಸದನ್ನೂ ಹಿಡಿಯಬೇಡಿ. ಅಲ್ಲಿ ಕ್ಷಣಮಾತ್ರ ಬಂದು ಹೋಗುವ ವೋಲ್ಟೇಜು ಸಾವಿರಗಟ್ಟಲೆ, ಅದಕ್ಕೆ ಬೇಲಿಯ ಟೆಸ್ಟರೇ ಬೇರೆ ಇದೆ.

ಇನ್ನರ್ಧ ಒಪ್ಪದಿರುವುದಕ್ಕೆ ಕಾರಣವಿದೆ. ಮೇನ್ ಆಫ್ ಮಾಡಿ ಮಾಡುವ ಕೆಲಸಗಳಲ್ಲಿ ಮುಳ್ಳಿನ ಮೀಟರ್ ಈಗಲೂ ಒಳ್ಳೆಯ ಮೇಷ್ಟ್ರು. ಪಂಪಿನ ಕೆಪಾಸಿಟರನ್ನು ಬಿಚ್ಚಿ, ಒಳಗುಳಿದ ಕರೆಂಟನ್ನು ಬಲ್ಬಿನ ಮೂಲಕ ಖಾಲಿ ಮಾಡಿ, ಓಮ್‌ನಲ್ಲಿ ಹಿಡಿಯಿರಿ. ಮುಳ್ಳು ಒಮ್ಮೆ ಜಿಗಿದು ನಿಧಾನ ಹಿಂದೆ ಬಂದರೆ ಅದರಲ್ಲಿ ಜೀವವಿದೆ. ಜಿಗಿಯದಿದ್ದರೆ ಸತ್ತಿದೆ, ಜಿಗಿದು ಅಲ್ಲೇ ನಿಂತರೆ ಶಾರ್ಟಾಗಿದೆ. ಡಿಜಿಟಲ್‌ನಲ್ಲಿ ಓಡುವ ಅಂಕಿಗಳಿಗಿಂತ ಇದು ಕಣ್ಣಿಗೆ ಬೇಗ ತಿಳಿಯುತ್ತದೆ. ತ್ರೀ ಫೇಸ್ ಮೋಟಾರಿನ ಮೂರು ತುದಿಗಳನ್ನು ಎರಡೆರಡಾಗಿ ಹಿಡಿದರೆ ಮೂರೂ ಸಲ ಮುಳ್ಳು ಒಂದೇ ಕಡೆ ನಿಲ್ಲಬೇಕು. ಒಂದು ಬೇರೆಯಾದರೆ ವೈಂಡಿಂಗ್ ಅಂಗಡಿಗೆ ಹೋಗುವ ಮೊದಲೇ ನಿಮಗೆ ವಿಷಯ ಗೊತ್ತಾಗಿರುತ್ತದೆ. ಆದರೆ ವೈಂಡಿಂಗಿನಿಂದ ಬಾಡಿಗೆ ಕರೆಂಟು ಸೋರುತ್ತಿದೆಯೇ ಎಂಬುದನ್ನು ಈ ಮೀಟರ್ ಖಚಿತವಾಗಿ ಹೇಳಲಾರದು. ಅದಕ್ಕೆ 500 ವೋಲ್ಟಿನ ಮೆಗ್ಗರ್ ಬೇಕು.

ಸರ್ಕಾರವೂ ಈಗ ರಿಪೇರಿಯ ಮಾತಾಡುತ್ತಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಹಕ್ಕು ಬರಲಿ, ಸಂತೋಷ. ಆದರೆ ರಿಪೇರಿ ಬಲ್ಲ ಕೈಗಳೇ ಇಲ್ಲದಿದ್ದರೆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ಊರಿನ ಹೈಸ್ಕೂಲಿನಲ್ಲಿ, ಸಹಕಾರಿ ಸಂಘದ ಜಗಲಿಯಲ್ಲಿ ವರ್ಷಕ್ಕೊಂದು ದಿನ ಮೀಟರ್ ತಪಾಸಣೆ ಇಡಬಹುದು. ಐಟಿಐ ಓದಿದ ನಾಲ್ಕು ಹುಡುಗರು, ಪ್ರಮಾಣೀಕರಿಸಿದ ಒಂದು ಒಳ್ಳೆಯ ಮೀಟರ್, ಒಂದಿಷ್ಟು ಫ್ಯೂಸು ಮತ್ತು ವಯರು ಇದ್ದರೆ ಸಾಕು. ಸರಿ ಇರುವುದಕ್ಕೆ ಹಸಿರು ಚೀಟಿ, ಸರಿಯಾಗದ್ದಕ್ಕೆ ಕೆಂಪು ಚೀಟಿ. ಕೆಂಪು ಚೀಟಿಯದ್ದು ಮತ್ತೆ ಅಟ್ಟಕ್ಕೆ ಹೋಗಬಾರದು.

ಇದಕ್ಕೆ ಒಳ್ಳೆಯ ಹೊತ್ತು ಆಯುಧ ಪೂಜೆ. ಮಳೆ ಹಿಂದಾಗಿರುತ್ತದೆ, ಅಡಿಕೆ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ, ಕತ್ತಿ ಗುದ್ದಲಿ ಬೈಕುಗಳನ್ನೆಲ್ಲ ಹೇಗೂ ತೊಳೆದಿಡುತ್ತೇವೆ. ಮೀಟರಿಗೂ ಒಂದು ಹೂವು ಇಡುವ ಮುನ್ನ ಹಿಂದಿನ ಮುಚ್ಚಳ ಬಿಚ್ಚಿ ಸೆಲ್ ನೋಡಿ. ಬಳಸದ ದಿನಗಳಲ್ಲಿ ಸೆಲ್ ಹೊರಗಿರಲಿ. ಸ್ವಿಚ್ಚು ಆಫ್‌ನಲ್ಲಿರಲಿ, ಆಫ್ ಇಲ್ಲದಿದ್ದರೆ ಎಸಿಯ ಅತಿ ದೊಡ್ಡ ರೇಂಜಿನಲ್ಲಿರಲಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಮುಂದಿನ ಮಳೆಗಾಲವನ್ನೂ ಅದು ದಾಟುತ್ತದೆ.