ಕೊಪ್ಪದ ಮಳೆಯಲ್ಲಿ ಓಡದ ಕೋಡ್ ಯಾರಿಗೆ ಬೇಕು?

ನಮ್ಮ ಗ್ರೂಪುಗಳಲ್ಲಿ ದಿನಾ ಒಂದಲ್ಲ ಒಂದು ಲಿಂಕ್ ಹರಿದಾಡ್ತಾನೇ ಇರುತ್ತೆ. "ಈ ಫ್ರೇಮ್‌ವರ್ಕ್ ನೋಡ್ರೋ, ಬೆಂಕಿ!", "ಹತ್ತೇ ಸಾಲಲ್ಲಿ ಚಾಟ್ ಆ್ಯಪ್!", "ಹಳೇ ರೂಟರ್ ಬಿಸಾಕ್ಬೇಡಿ, ಹೀಗೆ ಮಾಡಿ!" ಒಂದು ಸ್ಟಾರ್ ಒತ್ತಿ, ಬುಕ್‌ಮಾರ್ಕ್ ಮಾಡಿ, ಮರೆತುಬಿಡ್ತೀವಿ. ಸಿಗೋದೆಲ್ಲ ಒಳ್ಳೆಯದೇ ಇರಬಹುದು. ಆದರೆ ಇಷ್ಟು ರಾಶಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಅಂತ ಕೇರಿ ನೋಡೋಕೆ ಒಂದು ಮೊರ ಬೇಕಲ್ಲ? ನನ್ನ ಮೊರ ಇದು: ಆಷಾಢದ ಮಳೆ ಹಿಡಿದು, ಕರೆಂಟು ಹೋಗಿ ಮೂರನೇ ದಿನ, ಕೊಪ್ಪ, ಶೃಂಗೇರಿ ಅಥವಾ ಎನ್.ಆರ್.ಪುರದ ಒಂದು ಒಳಹಳ್ಳಿಯಲ್ಲಿ ಇದು ಕೆಲಸ ಮಾಡುತ್ತಾ?

ಈ ಮೂರು ತಾಲ್ಲೂಕೇ ಯಾಕೆ ಅಂತೀರಾ? ಇಲ್ಲಿ ಊರು ಅಂದ್ರೆ ಸಾಲು ಬೀದಿ ಅಲ್ಲ. ಗುಡ್ಡದ ಬುಡಕ್ಕೊಂದು ಮನೆ, ಅದರ ಕೆಳಗೆ ಅಡಿಕೆ ತೋಟ, ಮುಂದಿನ ಮನೆ ಇನ್ನೊಂದು ಗುಡ್ಡದ ಆಚೆ. ಪೇಟೆಯಲ್ಲಿ ಸಾವಿರಾರು ಜನಕ್ಕೆ ಆಗೋ ಒಂದು ಟವರ್, ಇಲ್ಲಿ ಕೆಲವೇ ಮನೆಗೆ ಆಗುತ್ತೆ. ಕಂಪನಿಗಳ ಲೆಕ್ಕಕ್ಕೆ ಅದು ಹೊಂದಲ್ಲ. ಇರೋ ಟವರೂ ಕರೆಂಟು ಹೋಗಿ ಬ್ಯಾಟರಿ ಮುಗಿದ ಮೇಲೆ ಸುಮ್ಮನಾಗುತ್ತೆ. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದು ನಮಗೆಲ್ಲ ಗೊತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶವಿಡೀ ಓಡಾಡಿತು: ಮಗಳು ರಸ್ತೆ ಬದಿ ಕೂತು ಪಾಠ ಕೇಳ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಚಿತ್ರ ನೋಡಿ ಮರುಗಿದವರು ಬಹಳ. ಆದರೆ "ಆ ಪಾಠವನ್ನ ನಿಧಾನದ ನೆಟ್‌ವರ್ಕಿಗೆ ತಕ್ಕ ಹಾಗೆ ಕಳಿಸೋಕೆ ಆಗ್ತಿರಲಿಲ್ವಾ?" ಅನ್ನೋದು ನಮ್ಮಂಥ ಎಂಜಿನಿಯರಿಂಗ್ ಓದುವವರು ಕೇಳಬೇಕಾಗಿದ್ದ ಪ್ರಶ್ನೆ.

"ಟವರ್ ಹಾಕೋದು ಸರ್ಕಾರದ ಕೆಲಸ ಮಾರಾಯ, ನಾವೇನು ಮಾಡೋದು?" ಅಂತ ಕೇಳ್ತಾರೆ. ನಿಜ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡೋಕೆ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಆ ಕೆಲಸ ಆಗಲೇಬೇಕು, ಜನ ಕೇಳಲೇಬೇಕು. ಆದರೆ ಟವರ್ ಬಂದರೂ ಮಳೆಗಾಲ ಹೋಗಲ್ಲ. ಮರ ಬಿದ್ದು ಲೈನ್ ಹರಿಯೋದು, ರಸ್ತೆ ಅಗೆಯುವಾಗ ಫೈಬರ್ ತುಂಡಾಗೋದು ನಿಲ್ಲಲ್ಲ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ ಅನ್ನೋದನ್ನ ಒಪ್ಪಿಕೊಂಡೇ ಸಾಫ್ಟ್‌ವೇರ್ ಬರೆಯಬೇಕು. ಅದು ಮಾತ್ರ ಸರ್ಕಾರದ ಕೆಲಸ ಅಲ್ಲ, ನಮ್ಮದು.

ಮೊದಲು ವೆಬ್ ನೋಡೋಣ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು ಯುಟಿಎಫ್-8ರಲ್ಲಿ 3 ಬೈಟ್. ಈ ಲೇಖನದಷ್ಟು ಉದ್ದದ ಬರಹ ಹೆಚ್ಚೆಂದರೆ 20 ಕಿಲೋಬೈಟ್ ಆಸುಪಾಸು. ಜಿಜಿಪ್ ಮಾಡಿದರೆ ಇನ್ನೂ ಎಷ್ಟೋ ಕಡಿಮೆ. ಸೆಕೆಂಡಿಗೆ 100 ಕಿಲೋಬಿಟ್ ಸಿಗೋ ಕಡೆಯಲ್ಲೂ ಅದು ಎರಡು ಸೆಕೆಂಡಿನೊಳಗೆ ಇಳಿಯುತ್ತೆ. ಅದೇ ಬರಹಕ್ಕೆ ಸ್ಲೈಡರ್, ಹಿನ್ನೆಲೆ ವಿಡಿಯೊ, ಮೂರು ಥರದ ಫಾಂಟ್, ರಾಶಿ ಜಾವಾಸ್ಕ್ರಿಪ್ಟ್ ಸೇರಿಸಿ 2 ಮೆಗಾಬೈಟ್ ಮಾಡಿದರೆ ಎರಡೂವರೆ ನಿಮಿಷ ಮೀರುತ್ತೆ. ಓದುವವರಿಗೆ ಬೇಕಾಗಿದ್ದು ಆ 20 ಕಿಲೋಬೈಟ್ ಮಾತ್ರ! ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ, ಇನ್ನೊಂದನ್ನ ಹೊರಿಸೋ ಅಗತ್ಯ ಎಷ್ಟೋ ಸಲ ಇರಲ್ಲ.

ಎರಡನೆಯದು, ನೆಟ್ ಇಲ್ಲದಾಗಲೂ ನಡೆಯೋ ಆ್ಯಪ್. ಬೆಳೆ ಸಮೀಕ್ಷೆಯಿಂದ ಪಡಿತರದ ಬೆರಳಚ್ಚಿನವರೆಗೆ ಎಲ್ಲದಕ್ಕೂ ಈಗ ನೆಟ್‌ವರ್ಕ್ ಬೇಕು. ತೋಟದಲ್ಲಿ ನಿಂತು ಫಾರ್ಮ್ ತುಂಬಿ, ಸಬ್ಮಿಟ್ ಒತ್ತಿದಾಗ ಚಕ್ರ ತಿರುಗ್ತಾ ತಿರುಗ್ತಾ ಎಲ್ಲಾ ಅಳಿಸಿಹೋದ್ರೆ ಆ ರೈತನಿಗೆ ಅರ್ಧ ದಿನ ಹಾಳು. ಇದಕ್ಕೆ ಮದ್ದು ಬ್ರೌಸರಿನಲ್ಲೇ ಇದೆ. ಸರ್ವಿಸ್ ವರ್ಕರ್ ಬಳಸಿ ಪುಟವನ್ನ ಫೋನಿನಲ್ಲೇ ಇಟ್ಟುಕೊಳ್ಳಬಹುದು, ತುಂಬಿದ ಮಾಹಿತಿಯನ್ನ ಇಂಡೆಕ್ಸ್‌ಡ್‌ಡಿಬಿಯಲ್ಲಿ ಉಳಿಸಿ ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಒಂದು ಎಚ್ಚರ: ಕಳಿಸೋವಾಗ ಸಿಗ್ನಲ್ ಹೋಗಿ, ಮತ್ತೆ ಕಳಿಸಿದರೆ ಒಂದೇ ಅರ್ಜಿ ಎರಡು ಸಲ ದಾಖಲಾಗುತ್ತೆ. ಆದ್ದರಿಂದ ಪ್ರತಿ ಅರ್ಜಿಗೂ ಫೋನಿನಲ್ಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಬೇಕು, ಸರ್ವರ್ ಅದನ್ನ ನೋಡಿ ಎರಡನೆಯದನ್ನ ಬಿಡಬೇಕು. ವೈವಾದಲ್ಲಿ ಇದನ್ನ ಯಾರೂ ಕೇಳದೇ ಇರಬಹುದು. ಆದರೆ ಇದಿಲ್ಲದ ಆ್ಯಪ್ ಮಲೆನಾಡಿಗೆ ಬೇಡ.

ಶಾಲೆಗಳಿಗೆ ಬೇಕಾದ್ದೂ ಸಿದ್ಧವಾಗೇ ಇದೆ. ಕಿವಿಕ್ಸ್ ಅನ್ನೋ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನ ಒಂದೇ ಕಡತವಾಗಿ ಇಳಿಸಿಕೊಂಡು, ರಾಸ್ಪ್‌ಬೆರಿ ಪೈನಲ್ಲಿ ಹಾಕಿ, ಇಂಟರ್ನೆಟ್ಟೇ ಇಲ್ಲದೆ ಕ್ಲಾಸಿನ ಎಲ್ಲಾ ಮೊಬೈಲಿಗೂ ವೈಫೈಯಲ್ಲಿ ಕೊಡಬಹುದು.

ಇನ್ನು ವೈರ್‌ಲೆಸ್. ವೈಫೈ ಅಂದ್ರೆ ಹಾಸ್ಟೆಲ್ ಕಾರಿಡಾರಿನ ಆಚೆ ಹೋಗಲ್ಲ ಅನ್ನೋದು ನಮ್ಮ ಅನುಭವ. ಆದರೆ 2000ರ ದಶಕದಲ್ಲೇ ಐಐಟಿ ಕಾನ್ಪುರದ ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್ ಯೋಜನೆಯವರು, ಹಿಮಾಲಯದ ಧರ್ಮಶಾಲಾದಲ್ಲಿ ಏರ್‌ಜಾಲ್ಡಿಯವರು ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಅದನ್ನ ಎಳೆದು ತೋರಿಸಿದ್ದಾರೆ. ಲೆಕ್ಕ ನಮ್ಮ ಸಿಲೆಬಸ್‌ನಲ್ಲೇ ಇದೆ. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ.ಗೆ ಆಗೋ ನಷ್ಟ ಸುಮಾರು 128 ಡೆಸಿಬೆಲ್. ಆಂಟೆನಾ ಸೇರಿ 36 ಡಿಬಿಎಂ ಕಳಿಸಿ, ಆ ಕಡೆ 23 ಡಿಬಿಐನ ಡಿಶ್ ಇಟ್ಟರೆ ಸಿಗೋದು ಮೈನಸ್ 69 ಡಿಬಿಎಂ. ಧಾರಾಳವಾಗಿ ಸಾಕು. ಜೋರು ಮಳೆಗೂ ಈ ಅಲೆಯಲ್ಲಿ ಒಂದೆರಡು ಡೆಸಿಬೆಲ್ ಹೋಗಬಹುದು ಅಷ್ಟೇ. ನಿಜವಾದ ಶತ್ರು ಮಳೆಯಲ್ಲ, ಮರ. ಫ್ರೆನೆಲ್ ವಲಯದ ಲೆಕ್ಕದಲ್ಲಿ ಮಧ್ಯದಾರಿಯಲ್ಲಿ ನೇರ ಗೆರೆಯ ಸುತ್ತ 7 ಮೀಟರ್ ಆದರೂ ಖಾಲಿ ಇರಬೇಕು. ಒದ್ದೆ ಎಲೆ ಅಡ್ಡ ಬಂದ್ರೆ ಮುಗೀತು. ಹಾಗಾಗಿ ಗುಡ್ಡದಿಂದ ಗುಡ್ಡಕ್ಕೇ ಎಳೆಯಬೇಕು. ಇನ್ನೊಂದು ಸೂಕ್ಷ್ಮ: 10 ಕಿ.ಮೀ. ಹೋಗಿ ಬರೋಕೆ ಅಲೆಗೆ 67 ಮೈಕ್ರೋಸೆಕೆಂಡ್ ಬೇಕು. ಹತ್ತಿರದ ದೂರಕ್ಕೆ ಹೊಂದಿಸಿದ ರೂಟರ್ ಅಷ್ಟು ಹೊತ್ತು ಉತ್ತರಕ್ಕೆ ಕಾಯಲ್ಲ, ಪ್ಯಾಕೆಟ್ ಕಳೆದುಹೋಯ್ತು ಅಂದ್ಕೊಂಡು ಮತ್ತೆ ಕಳಿಸುತ್ತೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ದೂರ ಎಷ್ಟು ಅಂತ ಹೇಳಿದರೆ ಸರಿಹೋಗುತ್ತೆ.

ಕಾನೂನೂ ಅಡ್ಡ ಬರಲ್ಲ. 5 ಗಿಗಾಹರ್ಟ್ಸ್‌ನ ಈ ಪಟ್ಟಿಗಳನ್ನ 2018ರಲ್ಲೇ ಪರವಾನಗಿಯಿಂದ ಬಿಟ್ಟಿದ್ದಾರೆ. ಶಕ್ತಿಯ ಮಿತಿ ಪಾಲಿಸಬೇಕು, ಅನುಮೋದಿತ ಉಪಕರಣ ಬಳಸಬೇಕು. 2020ರ ಡಿಸೆಂಬರ್‌ನ ಪಿಎಂ-ವಾಣಿ ಯೋಜನೆ ಪ್ರಕಾರ ಒಂದು ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು.

ಕಷ್ಟ ಇರೋದು ಕರೆಂಟಿನಲ್ಲಿ. ಗುಡ್ಡದ ಮೇಲೆ ಎರಡು ರೇಡಿಯೊಗೆ 20 ವಾಟ್ ಅಂತಿಟ್ಟುಕೊಂಡರೆ, 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯನ್ನ ಅರ್ಧದವರೆಗೆ ಮಾತ್ರ ಬಳಸಿದರೆ ಬರೋದು 30 ಗಂಟೆ. ಆಷಾಢದಲ್ಲಿ ಸೋಲಾರ್ ನಂಬಿ ಕೂತರೆ ಕೆಟ್ಟಂತೆ. ಗುಡುಗು ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಪ್ಲಗ್ ಕೀಳ್ತಾರೆ; ಗುಡ್ಡದ ಮೇಲೆ ಕೀಳೋರು ಯಾರು? ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಬಗ್ಗೆ ಎಲೆಕ್ಟ್ರಿಕಲ್ ಗೆಳೆಯರು ತಲೆಕೆಡಿಸಿಕೊಳ್ಳಬೇಕಾದ ಜಾಗ ಇದು.

ಎಲ್ಲದಕ್ಕೂ ವೇಗದ ನೆಟ್ಟೇ ಬೇಕು ಅಂತಲೂ ಇಲ್ಲ. ಅಡಿಕೆಗೆ ಕೊಳೆರೋಗ ಬರದಂತೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡುವು ಸಿಗಬೇಕು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿಗೊಂದರಂತೆ ಇವೆ. ಆದರೆ ಇಲ್ಲಿ ಒಂದು ಗುಡ್ಡದ ಈಚೆ ಮಳೆ, ಆಚೆ ಬಿಸಿಲು. 865–867 ಮೆಗಾಹರ್ಟ್ಸ್‌ನಲ್ಲಿ ಲೋರಾ ಹಾಕಿದರೆ ತೋಟತೋಟಕ್ಕೂ ಒಂದು ಮಳೆಮಾಪಕ, ಕೆಲವೇ ಬೈಟ್‌ಗಳ ಸಂದೇಶ, ತಿಂಗಳಾನುಗಟ್ಟಲೆ ಬಾಳೋ ಬ್ಯಾಟರಿ. ಇದಕ್ಕೂ ಪರವಾನಗಿ ಬೇಡ.

ಹಾಗಾದರೆ ಮಾಡೋದೇನು? ಮುಂದಿನ ಸಲ ಪ್ರಾಜೆಕ್ಟ್ ಡೆಮೊ ಕೊಡೋ ಮುಂಚೆ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆಗೆದು ನೆಟ್‌ವರ್ಕನ್ನ ನಿಧಾನ ಮಾಡಿ ನೋಡಿ. ಆಮೇಲೆ ಆಫ್‌ಲೈನ್ ಒತ್ತಿ ನೋಡಿ. ಬಿಳೀ ಪುಟ ಬಂದರೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ಫೈನಲ್ ಇಯರ್‌ನವರು ಇನ್ನೊಂದು ಹಾಜರಾತಿ ಆ್ಯಪ್ ಮಾಡೋ ಬದಲು ಒಂದು ಹಳ್ಳಿಯ ಶಾಲೆ ಅಥವಾ ಸೊಸೈಟಿಯನ್ನ ಆರಿಸಿಕೊಳ್ಳಿ. ಮಳೆಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಅಲ್ಲ. ಪರೀಕ್ಷಕರಿಗೂ ಒಂದು ವಿನಂತಿ: ಯಾವ ಫ್ರೇಮ್‌ವರ್ಕ್ ಬಳಸಿದಿರಿ ಅಂತ ಕೇಳೋ ಮುಂಚೆ, ನೆಟ್ ಹೋದ್ರೆ ಏನಾಗುತ್ತೆ ಅಂತ ಕೇಳಿ. ಆ ಒಂದು ಪ್ರಶ್ನೆಗೆ ಅಂಕ ಇದೆ ಅಂತ ಗೊತ್ತಾದ್ರೆ ಸಾಕು, ಉಳಿದದ್ದನ್ನ ನಾವೇ ಹುಡುಕ್ತೀವಿ.